ಆಚೆ ದಡದ ಹೆಸರು

ನಾನು ಬರೆಯುತ್ತಿದ್ದ ಕಾದಂಬರಿಯಲ್ಲಿ ಮಂತ್ರವಾದಿಯೊಬ್ಬ ಒಂದು ರಾಜ್ಯವನ್ನು ಹೊಳೆಯುದ್ದಕ್ಕೂ ಇಬ್ಭಾಗ ಮಾಡುತ್ತಾನೆ. ಬಂಟ್ವಾಳದಿಂದ ಮಾಣಿಗೆ ಹೋಗುವ ಬಸ್ಸಿನಲ್ಲಿ ಕುಳಿತು ಪೆನ್ಸಿಲಿನಿಂದ ಅದರ ನಕ್ಷೆ ಬರೆಯುತ್ತಿದ್ದೆ. ಹೊಳೆಯ ತಿರುವುಗಳನ್ನು ಸುಲಭಕ್ಕೆಂದು ನೇತ್ರಾವತಿಯಿಂದಲೇ ತೆಗೆದುಕೊಂಡಿದ್ದೆ. ಮಂತ್ರವಾದಿ ಇರುವ ಆಚೆ ದಡದಲ್ಲಿ ‘ಮಾಯ’ ಎಂದು ಬರೆದೆ.

ಪಕ್ಕದಲ್ಲಿದ್ದ ಹಿರಿಯರು ನನ್ನ ಕೈ ಹಿಡಿದರು.

“ಮಾಸ್ಟ್ರೆ, ಇದು ನಮ್ಮ ಹೊಳೆಯಲ್ಲವಾ? ಆಚೆ ಪಾಣೆಮಂಗಳೂರಲ್ಲಿ ನನ್ನ ಮಗಳಿಗೆ ಬೆಳಿಗ್ಗೆಯಿಂದ ಹೆರಿಗೆ ನೋವು. ನೀವು ಅಲ್ಲಿ ಮಾಯ ಅಂತ ಬರೆಯುವುದಾ?”

ತುಳುವಿನಲ್ಲಿ ಮಾಯವೆಂದರೆ ದೈವಗಳು ಕಣ್ಮರೆಯಾಗಿ ಸೇರುವ ಲೋಕ. ನಾನು ಆ ಹೆಸರು ಆರಿಸಿದ್ದೇ ಅದಕ್ಕೆ.

“ಇದು ಬರೀ ಕತೆ ಮಾರಾಯ್ರೆ” ಎಂದೆ.

“ಕತೆಯಾದರೆ ಅಳಿಸಲಿಕ್ಕೆ ಏನು ಕಷ್ಟ?”

ರಬ್ಬರಿನಿಂದ ಉಜ್ಜಿದೆ, ಅಕ್ಷರದ ಗುರುತು ಉಳಿಯಿತು. ಅಷ್ಟರಲ್ಲಿ ಬಸ್ಸು ಸೇತುವೆ ಹತ್ತಿತು. ಸೇತುವೆ ಮುಗಿಯುವುದರೊಳಗೆ ಆ ಗುರುತು ಪೂರ್ತಿ ಹೋಗದಿದ್ದರೆ ಎಂದು ನನಗೂ ಯಾಕೋ ಹೆದರಿಕೆಯಾಗಿ ಮತ್ತೆ ಮತ್ತೆ ಉಜ್ಜಿದೆ.

“ಈಗ ಏನು ಬರೆಯಲಿ?”

“ಪಾಣೆಮಂಗಳೂರು ಅಂತಲೇ ಬರೆಯಿರಿ. ದೊಡ್ಡದಾಗಿ.”

ಬರೆದೆ. ಅವರು ಬಸ್ಸಿಳಿದು ತಿರುಗಿಯೂ ನೋಡದೆ ಓಡಿದರು.

ಮಗಳು ಏನಾದಳೆಂದು ತಿಳಿಯಲಿಲ್ಲ. ತಿಳಿಯುವವರೆಗೆ ಆ ಹೆಸರು ಬದಲಿಸಲು ನನಗೆ ಧೈರ್ಯವಿಲ್ಲ. ಹಾಗಾಗಿ ನನ್ನ ಮಂತ್ರವಾದಿ ಸದ್ಯಕ್ಕೆ ಪಾಣೆಮಂಗಳೂರಿನಲ್ಲೇ ಇದ್ದಾನೆ.