ಗುದ್ದಲಿ ಕಾವಿನ ಮೇಲೆ ಕೂತ ಹೊಳೆಯ ಚಿಟ್ಟೆ

ಭಾನುವಾರ ಬೆಳಗ್ಗೆ ದೊಡ್ಡಬಳ್ಳಾಪುರದಲ್ಲಿ ತಟ್ಟೆ ಇಡ್ಲಿ ಮುಗಿಸಿ ಮಧುರೆ ಬಸ್ಸು ಹತ್ತಿದೆ. ಹೊರಟಿದ್ದು ಒಂದು ಏರೋಪ್ಲೇನ್ ಚಿಟ್ಟೆಯನ್ನು ನೋಡಲು. ಹರಿಯುವ ನೀರಿನ ಬಳಿ ಬಾಳುವ ಕಪ್ಪುನೀಲಿ ಜಾತಿಯೊಂದು ನಮ್ಮ ಅರ್ಕಾವತಿಯಲ್ಲಿ ಇನ್ನೂ ಇದೆ ಎಂದು ನಾನು ಹೇಳಿದ್ದೆ. "ಅರ್ಕಾವತೀಲಿ ಹರಿಯೋ ನೀರಾ? ನೀನು ನೋಡಿರೋದು ಹೊಲದ ಮಾಮೂಲಿ ಹುಳ ಕಣೋ" ಎಂದು ಗೆಳೆಯ ರಾಜಣ್ಣ ನಕ್ಕಿದ್ದ. ಸೋತವರು ನಮ್ಮ ಕೀಟ ನೋಡುವ ಗುಂಪಿಗೆಲ್ಲ ಮುದ್ದೆ ಊಟ ಹಾಕಬೇಕೆಂದು ಪಂದ್ಯವಾಗಿತ್ತು. ಊಟ ಹಾಕಬಹುದು, ರಾಜಣ್ಣನ ನಗು ಸಹಿಸುವುದು ಕಷ್ಟ.

ಬಸ್ಸಿಳಿದು ರಾಗಿ ಹೊಲದ ಬದುವಿನ ಮೇಲೆ ನಡೆದೆ. ಹೊಳೆ ಎಂದರೆ ಪ್ಯಾಂಟು ಮಡಚಿ ದಾಟುವಷ್ಟು. ಆದರೂ ಬಂಡೆಗಳ ನಡುವೆ ಸದ್ದು ಮಾಡಿಕೊಂಡು ಹರಿಯುತ್ತಿತ್ತು. ನನಗೆ ಬಹಳ ಖುಷಿಯಾಯಿತು. ಮೋಡ ಕವಿದಿತ್ತು. ಬಿಸಿಲು ಬರದೆ ಚಿಟ್ಟೆ ಬರುವುದಿಲ್ಲ. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ ಕಾದೆ. ಹೊಲದ ಹುಳ, ಹೊಳೆಯ ಚಿಟ್ಟೆ ಎರಡಕ್ಕೂ ಮೈಬಣ್ಣ ಹೆಚ್ಚುಕಡಿಮೆ ಒಂದೇ. ಹೊಳೆಯ ಚಿಟ್ಟೆಗೆ ಮಾತ್ರ ಹಿಂದಿನ ರೆಕ್ಕೆಯ ಬುಡದಲ್ಲಿ ಕಂದು ಕಲೆ ಇರುತ್ತದೆ. ನನಗೆ ಆ ಕಲೆಯ ಚಿತ್ರ ಬೇಕಿತ್ತು.

ಬಿಸಿಲು ಬಂತು, ಜೊತೆಗೆ ಪಕ್ಕದ ಹುರುಳಿಕಾಯಿ ತೋಟದ ಗಂಗಮ್ಮನೂ ಗುದ್ದಲಿ ಹಿಡಿದು ಬಂದರು. ಈ ಸೀಮೆಯಲ್ಲಿ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿದವನು ಸರ್ವೆಯವನೇ ಸೈ.

"ಎತ್ತಪ್ಪಾ ಅದನ್ನ! ಯಾರನ್ನ ಕೇಳಿ ಅಳೀತಿದ್ದೀಯ?"

"ಅಳೀತಿಲ್ಲಮ್ಮ, ಚಿಟ್ಟೆ ಫೋಟೋ ತೆಗೀತಿದ್ದೀನಿ."

"ಹೋದ್ಸಲ ಬಂದವ್ನು ನವಿಲು ನೋಡೋಕ್ ಬಂದೆ ಅಂದ. ನೋಡಿದ್ರೆ ಸೈಟ್ ಬ್ರೋಕರು!"

ದೇವರ ಮೇಲೆ ಆಣೆ ಇಟ್ಟೆ. ನಂಬದ ಗಂಗಮ್ಮ ಗುದ್ದಲಿ ಊರಿಕೊಂಡು ಕಾವಲು ನಿಂತರು. ಆಗ ಬಂದ ಚಿಟ್ಟೆ ಮಹಾರಾಯ, ಅಷ್ಟೊಂದು ಬಂಡೆಗಳನ್ನು ಬಿಟ್ಟು ಗುದ್ದಲಿ ಕಾವಿನ ತುದಿಯಲ್ಲೇ ಕೂತ!

"ಅಮ್ಮಾ, ಅಲ್ಲಾಡಬೇಡಿ!"

ನನ್ನ ದನಿಗೆ ಹೆದರಿದ ಗಂಗಮ್ಮ ಉಸಿರು ಬಿಗಿಹಿಡಿದರು. ಚಿತ್ರ ಹಿಗ್ಗಿಸಿ ನೋಡಿದರೆ ಕಂದು ಕಲೆ! "ಹೊಳೆ ಇನ್ನೂ ಹರೀತಿದೆ ಅನ್ನೋದಕ್ಕೆ ಸಾಕ್ಷಿ ಅಮ್ಮ ಇದು. ಎಲ್ಲರಿಗೂ ತೋರಿಸ್ತೀನಿ" ಎಂದು ಕುಣಿದೆ.

ಅವರ ಮುಖ ಸಪ್ಪಗಾಯಿತು. "ತೋರಿಸ್ಬೇಡಿ ಸ್ವಾಮಿ. ನೀರೈತೆ ಅಂತ ಗೊತ್ತಾದ್ರೆ 'ಹೊಳೆ ಪಕ್ಕದ ಸೈಟು' ಅಂತ ಬೋರ್ಡ್ ಹಾಕೋಕ್ ಬರ್ತಾರೆ. ನನ್ ಮೈದುನ್ರು ಮಾರೋಕ್ ಕಾಯ್ತಾವ್ರೆ. ಹೊಳೆ ಒಣಗೋಯ್ತು ಅಂತ ಬಂದೋರ್ಗೆಲ್ಲ ಹೇಳ್ಕೊಂಡೇ ತೋಟ ಉಳಿಸ್ಕೊಂಡಿದ್ದೀನಿ."

ಬಸ್ಸಿನಲ್ಲಿ ವಾಪಸು ಬರುವಾಗ ಆ ಚಿತ್ರವನ್ನು ನೋಡಿದ್ದೇ ನೋಡಿದ್ದು.

ರಾಜಣ್ಣ ಕಲೆಯನ್ನು ಒಪ್ಪಿಕೊಂಡ. "ಸರಿ ಗುರು, ತೆಗೆದಿದ್ದೆಲ್ಲಿ?" ಎಂದ. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. "ಕಾವೇರಿ ಕಡೆ ಹೋಗಿದ್ದೆ ಕಣೋ" ಎಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಮುದ್ದೆ ಊಟ ಹಾಕಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಇದನ್ನು ಓದಿ ಯಾರೂ ಮಧುರೆಗೆ ಓಡಬೇಡಿ. ನಾನು ಇಳಿದ ಊರು ಅದಲ್ಲ. ಆ ಹೊಳೆಯಂತೂ ಪೂರ್ತಿ ಒಣಗಿಹೋಗಿದೆ.