ನ್ಯೂಟ್ರಿನೋ ಮತ್ತು ಸೀದ ಹಾಲು

ಮೊನ್ನೆ ಹಾಲು ಸೀದುಹೋಯಿತು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಹಾಲನ್ನು ಒಲೆಯ ಮೇಲಿಟ್ಟು ಪೇಪರ್ ಬಿಡಿಸಿಕೊಂಡು ಕೂತಿದ್ದೆ. ಒಳಪುಟದಲ್ಲೆಲ್ಲೋ 'ನ್ಯೂಟ್ರಿನೋ' ಎಂಬ ಪದ ಕಣ್ಣಿಗೆ ಬಿತ್ತು. ಅದನ್ನೇ ನೋಡುತ್ತ ಕೂತವಳಿಗೆ ತಳ ಹಿಡಿದ ವಾಸನೆ ಮೂಗಿಗೆ ಬಡಿದಾಗಲೇ ಎಚ್ಚರ. ಅಯ್ಯೋ ನನ್ನ ಕರ್ಮವೇ ಅಂತ ಓಡಿದೆ. ಒಲೆ ಆರಿಸಿದೆ, ಪಾತ್ರೆ ಇಳಿಸಿದೆ, ಆದರೆ ಕಿಟಕಿ ತೆರೆಯಲಿಲ್ಲ. ಆ ವಾಸನೆ ಇನ್ನೊಂದು ಸ್ವಲ್ಪ ಹೊತ್ತು ಇರಲಿ ಅನ್ನಿಸಿತು...

ಎಪ್ಪತ್ತರ ದಶಕ. ನಾನು ಹಿರಿಯೂರಿಗೆ ಸೊಸೆಯಾಗಿ ಬಂದ ಹೊಸತು. ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದವರು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದ ಮೇಷ್ಟ್ರು. ಮೈಸೂರು ಕಡೆಯವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಪಂಪ್ ಸ್ಟೋವಿನ ಮೇಲೆ ತಾವೇ ಅನ್ನ ಬೇಯಿಸಿಕೊಂಡು, ತಾವೇ ಉಂಡು, ತಾವೇ ತಟ್ಟೆ ತೊಳೆದಿಡುತ್ತಿದ್ದರು. ಅವರನ್ನು ಹುಡುಕಿಕೊಂಡು ಒಂದು ನರಪಿಳ್ಳೆ ಬಂದದ್ದನ್ನು ನಾನು ಕಾಣೆ. ನನ್ನ ಗಂಡ ಬೆಳಗಾದರೆ ಬಬ್ಬೂರು ಫಾರಂನ ಕೆಲಸಕ್ಕೆ ಹೊರಟುಬಿಡುತ್ತಿದ್ದರು. ತುಂಬಿದ ಮನೆಯಲ್ಲಿ ನಾನೂ ಒಂಟಿಯೇ ಆಗಿದ್ದೆ.

ಮಗ ಹುಟ್ಟಿದ. ಮನೆದೇವರ ಹೆಸರನ್ನೇ ಇಡಬೇಕು ಅಂತ ಹಿರಿಯರ ತೀರ್ಮಾನ. ಮಾವನ ಹೆಸರೂ ಅದೇ. ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ತೊಟ್ಟಿಲು ಶಾಸ್ತ್ರದ ದಿನ ನಾದಿನಿ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಾಗ ಎಲ್ಲರೂ ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ. ಮಾರನೆಯ ಸಂಜೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಕಾಲೇಜಿನಿಂದ ಬಂದ ಮೇಷ್ಟ್ರು ನೋಡಿಬಿಟ್ಟರು.

"ಏನಮ್ಮ, ಹೆಸರಿಟ್ಟ ಮಾರನೇ ದಿನವೇ ಅಳೋದಾ?"

"ನನ್ ಮಗನ್ನ ನಾನೇ ಕರೆಯಂಗಿಲ್ವಲ್ಲ ಮೇಷ್ಟ್ರೆ! ಏ, ಓ ಅಂತ ದನ ಕರದಂಗೆ ಕರೀಬೇಕಾ?"

ಅವರು ಜಗಲಿಯ ಆ ತುದಿಯಲ್ಲಿ ಕೂತರು. ನನಗೆ ತಿಳಿಯುತ್ತದೋ ಇಲ್ಲವೋ ಎಂಬ ಯೋಚನೆಯೇ ಇಲ್ಲದೆ ಪಾಠ ಶುರುವಾಯಿತು. ಕೆಲವು ಪರಮಾಣುಗಳ ಒಡಲಿನಿಂದ ಎಲೆಕ್ಟ್ರಾನ್ ಸಿಡಿದು ಹೊರಬರುತ್ತದಂತೆ. ಒಳಗೆ ಕಡಿಮೆಯಾದ ಶಕ್ತಿಗೂ ಹೊರಗೆ ಬಂದ ಶಕ್ತಿಗೂ ತಾಳೆಯೇ ಆಗುತ್ತಿರಲಿಲ್ಲವಂತೆ; ಒಂದಿಷ್ಟು ಮಂಗಮಾಯ. ತಲೆ ಕೆಡಿಸಿಕೊಂಡ ವಿಜ್ಞಾನಿಯೊಬ್ಬರು, ಕಣ್ಣಿಗೆ ಬೀಳದ ಯಾವುದೋ ಕಣ ಅದನ್ನು ಹೊತ್ತೊಯ್ಯುತ್ತಿರಬೇಕು ಅಂದರಂತೆ. ಅದಕ್ಕೆ ಧನವಿದ್ಯುತ್ತೂ ಇಲ್ಲ, ಋಣವಿದ್ಯುತ್ತೂ ಇಲ್ಲ. ಎರಡೂ ಅಲ್ಲದ್ದು ಎಂಬ ಅರ್ಥ ಬರುವಂತೆ 'ನ್ಯೂಟ್ರಾನ್' ಅಂತ ಕರೆದರು. ಆಮೇಲೆ ಅದೇ ಗುಣದ, ಆದರೆ ಹೆಚ್ಚು ತೂಕದ ಇನ್ನೊಂದು ಕಣ ನಿಜಕ್ಕೂ ಸಿಕ್ಕಿತು. ನ್ಯೂಟ್ರಾನ್ ಎಂಬ ಹೆಸರು ಅದರ ಪಾಲಾಯಿತು.

"ಪಾಪ, ಮೊದಲಿಂದಕ್ಕೆ?" ಅಂದೆ.

"ಅದೇ ಕಣಮ್ಮ. ಹೆಸರನ್ನ ದೊಡ್ಡದು ತಗೊಂಡುಬಿಡ್ತು. ಆಗ ಇಟಲಿಯವರು ತಮಾಷೆಗೆ ಒಂದು ದಾರಿ ಹುಡುಕಿದ್ರು. ಅವರ ಭಾಷೇಲಿ ಕೊನೆಗೆ 'ಇನೋ' ಅಂತ ಸೇರಿಸಿದ್ರೆ ಪುಟ್ಟದು ಅಂತ ಅರ್ಥ. ನ್ಯೂಟ್ರಿನೋ. ಎರಡೂ ಅಲ್ಲದ ಪುಟ್ಟದು. ಮುದ್ದಿಗೆ ಕರೆದದ್ದೇ ಹೆಸರಾಗಿ ನಿಂತುಹೋಯ್ತು."

ಒಂದೇ ಹೆಸರಿನವರು ಇಬ್ಬರಿದ್ದರೆ ದೊಡ್ಡ, ಸಣ್ಣ ಅಂತ ಮುಂದೆ ಸೇರಿಸಿ ಕರೆಯುವುದು ನಮ್ಮ ಸೀಮೆಯಲ್ಲಿ ಇದ್ದದ್ದೇ. ನಾನು ಹೆಸರನ್ನೇ ಬಿಟ್ಟು, ಬರೀ "ಸಣ್ಣಾ" ಅಂದೆ. ಕೂಸು ನನ್ನ ಕಡೆ ತಿರುಗಿತು. ತಿರುಗಿತೋ, ನನಗೆ ಹಾಗೆ ಕಂಡಿತೋ... ಅತ್ತೆ ಕೇಳಿಸಿಕೊಂಡು, "ಸಣ್ಣ ಅಂದ್ರೆ ಹುಡುಗ ಬೆಳೀತಾನೇನೆ?" ಅಂತ ಮುಖ ಸಿಂಡರಿಸಿದರು. ವಾರ ಕಳೆಯುವುದರೊಳಗೆ ಅವರೇ "ಸಣ್ಣಾ, ನನ್ ರಾಜ" ಅಂತ ಮುದ್ದುಗರೆಯುತ್ತಿದ್ದರು. ಗಂಡನ ಹೆಸರನ್ನು ಅವರೂ ಹೇಳುವಂತಿರಲಿಲ್ಲವಲ್ಲ!

ಇನ್ನೊಂದು ಸಂಜೆ ನಾನೇ ಕೇಳಿದೆ: "ಆ ಪುಟ್ಟದು ಆಮೇಲೆ ಸಿಕ್ತಾ ಮೇಷ್ಟ್ರೆ?"

"ಸಿಕ್ತು. ಹತ್ತಿರ ಹತ್ತಿರ ಇಪ್ಪತ್ತೈದು ವರ್ಷ ಹಿಡೀತು. ಈಗಲೂ ನಮ್ಮ ಮೈಯೊಳಗಿಂದ ಲೆಕ್ಕವಿಲ್ಲದಷ್ಟು ಹಾದುಹೋಗ್ತಾ ಇವೆ. ಯಾರಿಗೂ ತಾಗಲ್ಲ, ಯಾರಿಗೂ ಗೊತ್ತಾಗಲ್ಲ." ಆಮೇಲೆ ಕೂಸಿನ ಕಡೆ ನೋಡುತ್ತ ಅಂದರು: "ನಿಮಗೆ ಹೆಸರು ಹೇಳಬಾರದು ಅನ್ನೋ ಸಂಕಟ. ನನ್ನ ಹೆಸರು ಹೇಳೋರೇ ಇಲ್ಲಮ್ಮ. ಕಾಲೇಜಲ್ಲಿ ಸಾರ್, ಇಲ್ಲಿ ಮೇಷ್ಟ್ರು. ನಮ್ಮನೆಯವಳೂ ಏನ್ರೀ ಅಂತಲೇ ಕರೀತಿದ್ಲು. ನಮ್ಮಮ್ಮ ಒಬ್ಬಳು ಕರೀತಿದ್ಲು. ಅವಳು ಹೋದ ಮೇಲೆ..."

ನಾನಾದರೂ ಕರೆಯಬಹುದಿತ್ತು. ಆದರೆ ಆ ಕಾಲದ ಸೊಸೆ ನಾನು, ಅಷ್ಟು ದೊಡ್ಡವರ ಹೆಸರು ನನ್ನ ಬಾಯಿಗೆ ಬರುವುದುಂಟೇ?

ಸಣ್ಣನಿಗೆ ಮಾತು ಬರತೊಡಗಿದಾಗ ಮೇಷ್ಟ್ರು ಅವನನ್ನು ಎದುರಿಗೆ ನಿಲ್ಲಿಸಿಕೊಂಡು, "ನಾನ್ಯಾರು?" ಅಂತ ತಮ್ಮ ಹೆಸರನ್ನೇ ಕಲಿಸತೊಡಗಿದರು. ಅವನ ಬಾಯಲ್ಲಿ ಅರ್ಧ ಹೆಸರು ಜೊಲ್ಲಿನ ಜೊತೆ ಹೊರಗೆ ಬೀಳುತ್ತಿತ್ತು. ಅಷ್ಟಕ್ಕೇ ಮೇಷ್ಟ್ರು ಎಂಥ ನಗು ನಗುತ್ತಿದ್ದರು! "ಇನ್ನೊಂದ್ಸಲ ಕರಿ" ಅನ್ನುವರು, ಅವನು ಕರೆಯುವನು. ಒಳಗೆ ಸ್ಟೋವಿನ ಮೇಲೆ ಹಾಲು ಸೀಯುತ್ತಿರುತ್ತಿತ್ತು. "ಮೇಷ್ಟ್ರೆ, ಹಾಲು!" ಅಂತ ನಾನು ಕೂಗಿದರೆ, "ಸೀಯಲಿ ಬಿಡಮ್ಮ" ಅನ್ನುವರು. ಸಂಜೆಯಾದರೆ ನಮ್ಮ ಜಗಲಿಯ ತುಂಬ ಅದೇ ವಾಸನೆ.

ಒಂದು ದಿನ ಸಣ್ಣ ಹಾಗೆ ಕರೆಯುವುದು ಅತ್ತೆಗೆ ಕೇಳಿಸಿತು. ಓಡಿಬಂದರು.

"ಲೇ, ಅಷ್ಟು ದೊಡ್ಡೋರ್ನ ಹೆಸರು ಹಿಡಿದು ಕರೀತೀಯೇನ್ಲೇ? ಮೇಷ್ಟ್ರು ಅನ್ನು, ಮೇಷ್ಟ್ರು! ತಪ್ಪು ತಿಳ್ಕಬ್ಯಾಡ್ರಿ ಮೇಷ್ಟ್ರೆ, ಏನೂ ತಿಳೀದ ಕೂಸು."

"ಇರಲಿ ಬಿಡಿ ಅಮ್ಮ, ಕರೀಲಿ..."

"ನಿಮ್ದು ದೊಡ್ಡ ಮನಸು. ನಮಗಾದ್ರೂ ಮರ್ವಾದಿ ಬ್ಯಾಡ್ವಾ?"

ಅತ್ತೆಯ ಮನಸ್ಸಿನಲ್ಲಿ ಗೌರವವಲ್ಲದೆ ಬೇರೇನೂ ಇರಲಿಲ್ಲ. ಮೇಷ್ಟ್ರು ಸಂಕೋಚಕ್ಕೆ ಹಾಗಂದರು ಅಂದುಕೊಂಡರು. ಅಂದಿನಿಂದ ಕೂಸು ಬಾಯಿ ತೆರೆದಾಗಲೆಲ್ಲ ತಿದ್ದಿದರು. ಕೆಲವೇ ದಿನದಲ್ಲಿ ಸಣ್ಣ "ಮೇತ್ತು, ಮೇತ್ತು" ಅನ್ನತೊಡಗಿದ. ಮನೆಯವರೆಲ್ಲ ಮೆಚ್ಚಿಕೊಂಡರು. ಮೇಷ್ಟ್ರು ಅವನ ತಲೆ ಸವರಿ ಒಳಗೆ ಹೋಗುತ್ತಿದ್ದರು. ಆಮೇಲೆ ಅವರ ಕೋಣೆಯಲ್ಲಿ ಹಾಲು ಸೀದದ್ದೇ ಇಲ್ಲ.

ಮರುವರ್ಷ ಮೇಷ್ಟ್ರಿಗೆ ಹೊಸದುರ್ಗಕ್ಕೆ ವರ್ಗವಾಯಿತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಆ ಸ್ಟೋವು. ಜಟಕಾ ಹೊರಟಾಗ ಸಣ್ಣ ಹಿಂದೆಯೇ ಓಡಿ, "ಮೇಷ್ಟ್ರೇ!" ಅಂತ ಸ್ಪಷ್ಟವಾಗಿ ಕೂಗಿದ. ಅವರು ಕೈ ಬೀಸಿದರು. ಎಷ್ಟೋ ವರ್ಷದ ಮೇಲೆ ನನ್ನ ಗಂಡ ಹೊಸದುರ್ಗದ ಸಂತೆಯಿಂದ ಬಂದು, "ನಮ್ಮ ಮೇಷ್ಟ್ರು ಹೋಗಿಬಿಟ್ರಂತೆ ಕಣೆ" ಅಂದರು. ಆ ಸುದ್ದಿಯಲ್ಲೂ ಹೆಸರಿರಲಿಲ್ಲ.

ಸಣ್ಣನಿಗೀಗ ತಲೆ ನರೆತಿದೆ. ಊರಿಗೆಲ್ಲ ಅವನು ಸಣ್ಣಣ್ಣನೇ. ಯಾವಾಗಲೋ ಕೇಳಿದ್ದೆ, ಆ ಮೇಷ್ಟ್ರು ನೆನಪಿದ್ದಾರೇನೋ ಅಂತ. "ಯಾವ ಮೇಷ್ಟ್ರವ್ವ?" ಅಂದಿದ್ದ. ಅವನದೇನು ತಪ್ಪು...

ಸೀದ ಪಾತ್ರೆಗೆ ನೀರು ಹುಯ್ದು ನೆನೆಯಲು ಬಿಟ್ಟೆ. ವಾಸನೆ ಇನ್ನೂ ಇತ್ತು. ಖಾಲಿ ಅಡುಗೆಮನೆಯಲ್ಲಿ ನಿಂತು ಮೇಷ್ಟ್ರ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಕರೆದೆ. ಇಲ್ಲಿ ಬರೆಯುವುದಿಲ್ಲ, ಕಾಗದದ ಮೇಲೆ ಅವರ ಹೆಸರಿಗೆ ಯಾವತ್ತೂ ಬರವಿರಲಿಲ್ಲ; ಬರವಿದ್ದದ್ದು ಕರೆಯುವ ಬಾಯಿಗೆ. ಗದರಿಸಲು ಅತ್ತೆ ಇಲ್ಲ. ಓಗೊಡಲು ಅವರೂ ಇಲ್ಲ.