ಅಂಗಳದಲ್ಲಿ ಎಳೆದ ಕಾಲು

ಮೊದಲೇ ಹೇಳ್ತೇನೆ, ನಾನು ರೈಲು ಬಿಡುವವನೇ. ನಾನು ಹಿಡಿದ ಬಂಗುಡೆ ಮನೆ ಮುಟ್ಟುವಷ್ಟರಲ್ಲಿ ತಿಮಿಂಗಿಲ ಆಗಿರುತ್ತೆ, ನಮ್ಮೂರು ನಾವುಂದಕ್ಕೆಲ್ಲ ಗೊತ್ತು. ಆದ್ರೆ ಇದಕ್ಕೆ ಉಪ್ಪು ಖಾರ ಹಾಕ್ಲಿಲ್ಲ ಮರ್ರೆ... ಹಾಕಿದ್ರೂ ಸ್ವಲ್ಪ.

ಶೀನ ಮಾವ ನನ್ನ ಅಮ್ಮನ ತಮ್ಮ, ಬೋಟಿಗೆ ಹೋಗುವವರು, ನಮ್ಮ ಮನೆಯಲ್ಲೇ ಇರೋದು. ಅವರಿಗೆ ಕೊರೊನಾ ಬಂತು, ಹೋಯ್ತು. ನೆಗೆಟಿವ್ ಅಂದ ದಿನ ಮನೆಯಲ್ಲಿ ಕೋಳಿ ಸಾರು. ಆಮೇಲೆ ನೋಡಿದ್ರೆ ಎಡಗಾಲು ಉಬ್ಬಿ ಹಲಸಿನಹಣ್ಣು! ಸರಿ, ತೆಂಗಿನಕಾಯಿ.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಕೊರೊನಾ ಆದ ಮೇಲೆ ಕೆಲವರಿಗೆ ಹೀಗಾಗುತ್ತೆ ಅಂದ್ರು ಡಾಕ್ಟ್ರು. ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ರು. "ತಪ್ಪಿಸಬೇಡಿ. ಹೆಪ್ಪು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ."

"ಮಾಣೀ, ಮಾತ್ರೆ ಜವಾಬ್ದಾರಿ ನಿಂದ್" ಅಂದ್ಲು ಅಮ್ಮ.

ನಾನು ಇನ್ಸ್‌ಪೆಕ್ಟರ್ ಆದೆ! ಮಾವ ಮಾತ್ರೆ ಬಾಯಿಗೆ ಹಾಕಿ, ಗಟಗಟ ನೀರು ಕುಡಿದು, ಬಾಯಿ ತೆರೀತಿದ್ರು. ನಾನು ಮೊಬೈಲ್ ಟಾರ್ಚ್ ಬಿಟ್ಟು ಕಿರುನಾಲಗೆವರೆಗೂ ತಪಾಸಣೆ.

"ನುಂಗಿದ್ರ್ಯಾ?"

"ದೇವ್ರಾಣೆ ಸಾಹೇಬ್ರೆ!"

ಒಂದು ಸಂಜೆ ಕತ್ತಲಾಗ್ತಿದ್ದ ಹಾಗೆ ಕರೆಂಟ್ ಹೋಯ್ತು. ಅಮ್ಮ ಅಡುಗೆಮನೆಯಲ್ಲಿ, ಮಾವ ಒಳಗೆ ಮಂಚದ ಮೇಲೆ, ನಾನು ಜಗಲಿಯಲ್ಲಿ.

ಅಂಗಳದಲ್ಲಿ ಸದ್ದು... ಸರ್ರ್... ಸರ್ರ್... ಮರಳಿನ ಮೇಲೆ ಕಾಲು ಎಳೆದ ಹಾಗೆ. ಕಾಲು ಉಬ್ಬಿದ ಮೇಲೆ ಮಾವ ನಡೆಯೋದೇ ಹಾಗೆ. ಮಾವನ ಕವಳದ ಹೊಗೆಸೊಪ್ಪಿನ ವಾಸನೆ ಬೇರೆ.

"ಹ್ವಾಯ್ ಮಾವ, ಕತ್ಲಿಯಗೆ ಎಲ್ ಹೋತ್ರಿ?"

ಸದ್ದು ಗೇಟು ದಾಟ್ತು. ಹಿಂದೆಯೇ ಹೋದೆ. ರಸ್ತೆಗೆ ಬಂದ ಕೂಡ್ಲೇ... ನಿಂತೇ ಹೋಯ್ತು. ಟಾರ್ಚ್ ಹಾಕಿದೆ. ಯಾರೂ ಇಲ್ಲ. ಅಂಗಳದ ಮರಳಲ್ಲೂ ನನ್ನ ಹೆಜ್ಜೆ ಮಾತ್ರ.

ಆಗ ಮನೆಯೊಳಗಿಂದ ಅಮ್ಮನ ಕೂಗು. "ಮಾಣೀ, ಓಡಿ ಬಾ! ಶೀನಂಗೆ ಉಸ್ರ್ ಆಡ್ತಿಲ್ಲೆ!"

ಮಾವ ಮಂಚದ ಮೇಲೇ ಇದ್ರು. ತುಟಿ ನೀಲಿ. ಪಕ್ಕದ ಮನೆಯವರ ಮೀನಿನ ಟೆಂಪೋದಲ್ಲಿ ಹಾಕ್ಕೊಂಡು ಕುಂದಾಪುರದ ಆಸ್ಪತ್ರೆಗೆ ಹೋದ್ವಿ. ಹೆಪ್ಪು ಶ್ವಾಸಕೋಶಕ್ಕೆ ಹೋಗಿತ್ತು.

"ಮಾತ್ರೆ ತಗೊಳ್ತಿದ್ರಾ?" ಡಾಕ್ಟ್ರು ಕೇಳಿದ್ರು.

"ದಿನಾ ನಾನೇ ನೋಡಿದ್ದೇನೆ ಸಾರ್" ಅಂದೆ, ಎದೆ ಉಬ್ಬಿಸಿ. ಮಾವ ಗೋಡೆ ಕಡೆ ಮುಖ ತಿರುಗಿಸಿದ್ರು.

ಚೇತರಿಸಿಕೊಂಡ ಮೇಲೆ ಅವರೇ ಬಾಯಿಬಿಟ್ರು. "ಮಾತ್ರೆನ ಕವಳ ಇಡು ಜಾಗದಗೆ, ಗಲ್ಲದ ಮೂಲೆಯಗೆ ಇಟ್ಕಂತಿದ್ದೆ. ನೀನ್ ಹೋದ್ಮೇಲೆ ಉಗಿತಿದ್ದೆ. ಆ ಮಾತ್ರೆ ತಿಂದ್ರೆ ರಕ್ತ ನೀರಾತ್ತ್, ಬಲೆ ಎಳುಕೆ ಆತ್ತಿಲ್ಲೆ ಅಂದ್ರ್ ಬೋಟಿನವ್ರ್."

ಎಲೆ ಅಡಿಕೆ ತುಂಬಿದ ಆ ಗಲ್ಲದ ಉಬ್ಬನ್ನು ಹುಟ್ಟಿದಾಗಿಂದ ನೋಡಿದ್ದೇನೆ. ಯಾರು ಅನುಮಾನ ಪಡ್ತಾರೆ? ನಂಗೆ ನಗು ಬರ್ಲಿಲ್ಲ. "ಬೋಟಿನವ್ರ್ ಹೇಳಿದ್ದ್ ಕೇಂಡ್ರಿ. ನನ್ ಹತ್ರ ದಿನಾ ನಾಟ್ಕ ಮಾಡಿದ್ರಿ, ಅಲ್ದಾ?"

"ಬೇಜಾರ್ ಮಾಡ್ಬೇಡ ಮಾಣಿ. ಆ ದಿನ ನೀನ್ ಇಲ್ದಿರೆ ನಾನ್ ಉಳಿತಿರ್ಲಿಲ್ಲೆ. ಕರೆಂಟ್ ಹೋದಲ್ಲಿಂದ ಅಕ್ಕ ಬಪ್ಪಲ್ಲಿವರೆಗೆ ನೀನೇ ಅಲ್ದಾ ನನ್ ಕೈ ಹಿಡ್ಕಂಡ್ ಕೂಕಂಡದ್ದ್? 'ಮಾವ, ಕಣ್ ಮುಚ್ಬೇಡಿ' ಅಂತ ಕಿವಿಯಗೆ ಹೇಳ್ತಾ..."

ನಾನಾ? ಆಗ ನಾನು ರಸ್ತೆಯಲ್ಲಿದ್ದೆ...

"ಮತ್ತೆ ಸುಳ್ಳಾ ಮಾವ?"

"ದೇವ್ರಾಣೆ" ಅಂದ್ರು. ಮಾತ್ರೆ ನುಂಗಿದೆ ಅನ್ನುವಾಗ ಇದ್ದ ಅದೇ ಮುಖ, ಅದೇ ದನಿ.

ಇದೂ ಒಂದು ಸುಳ್ಳೇ ಆಗಿರ್ಲಪ್ಪ ಅಂತ ಈಗ ನಾನೇ ಬೇಡ್ಕೊಳ್ತಿದ್ದೇನೆ...